ವ್ಯಾನು ಬರುತ್ತದೆಯಂತೆ, ಮಗ ಟಿವಿ ಹಾಕಲು ಬಿಡುತ್ತಿಲ್ಲ

ರೆಡಿಂಗ್‌ನ ಹೊಸ ಸದಸ್ಯೆ:
ಎಲ್ಲರಿಗೂ ನಮಸ್ಕಾರ. ನಾವು ಬ್ರಿಟನ್ನಿಗೆ ಬಂದು ನಾಲ್ಕು ತಿಂಗಳಾಯಿತು. ಟಿವಿ ನೋಡಲು ಇಲ್ಲಿ ಹಣ ಕಟ್ಟಿ ಪಡೆಯಬೇಕಾದ ಟಿವಿ ಲೈಸೆನ್ಸ್ ಬಗ್ಗೆ ಮೂರನೇ ಪತ್ರ ಬಂದಿದೆ. ಟಿವಿ ಇರುವ ಮನೆಗಳನ್ನು ವ್ಯಾನಿನಲ್ಲಿ ಬಂದು ಪತ್ತೆ ಹಚ್ಚುತ್ತಾರೆ ಎಂದು ಶಾಲೆಯಲ್ಲಿ ಯಾರೋ ನನ್ನ ಏಳು ವರ್ಷದ ಮಗನಿಗೆ ಹೇಳಿದ್ದಾರೆ. ನಿನ್ನೆ ಮನೆ ಮುಂದೆ ಬಿಳಿ ವ್ಯಾನು ನಿಂತದ್ದೇ ತಡ, ಓಡಿ ಹೋಗಿ ಟಿವಿಯ ಪ್ಲಗ್ ಕಿತ್ತು ಕರ್ಟನ್ ಹಿಂದೆ ನಿಂತುಬಿಟ್ಟ. ಬಂದವರು ಪಾರ್ಸೆಲ್‌ನವರು. ನಾವು ನೋಡುವುದು ಯೂಟ್ಯೂಬ್. ಅತ್ತೆಯವರು ಸಂಜೆ ಆ್ಯಪ್‌ನಲ್ಲಿ ಕನ್ನಡ ವಾರ್ತೆ ನೋಡುತ್ತಾರೆ. ಲೈಸೆನ್ಸ್ ಬೇಕೇ? ಮಗನಿಗೆ ಏನು ಹೇಳಲಿ?

ಹ್ಯಾರೋದ ಹಿರಿಯರು:
ಮಗು ಕೇಳಿದ್ದು ಸುಳ್ಳಲ್ಲಮ್ಮ. ಇಲ್ಲಿನ ಅಂಚೆ ಇಲಾಖೆ 1952ರಲ್ಲೇ ಅಂಥ ವ್ಯಾನುಗಳನ್ನು ಬೀದಿಗಿಳಿಸಿತ್ತು. ಹಳೆಯ ಟಿವಿ ಅಲೆಗಳನ್ನು ಹಿಡಿಯುವುದರ ಜೊತೆಗೆ ತಾನೂ ಸೂಸುತ್ತಿತ್ತು. ಆಗಿನ ಟಿವಿ ಪರದೆಯ ಮೇಲೆ 405 ಗೆರೆ ಎಳೆದು ಒಂದು ಚಿತ್ರ ಮೂಡಿಸುತ್ತಿತ್ತು, ಸೆಕೆಂಡಿಗೆ 25 ಬಾರಿ. ಅಂದರೆ ಗೆರೆ ಎಳೆಯುವ ತಂತಿಯ ಸುರುಳಿ ಸೆಕೆಂಡಿಗೆ 10,125 ಸಲ ಮಿಡಿಯುತ್ತಿತ್ತು. ವ್ಯಾನಿನ ನೆತ್ತಿಯ ಮೇಲಿನ ಆಂಟೆನಾಗಳು ಹುಡುಕುತ್ತಿದ್ದದ್ದು ಆ ಮಿಡಿತವನ್ನು. ನಮ್ಮಲ್ಲಿ ರೇಡಿಯೊಗೂ ಲೈಸೆನ್ಸ್ ಇತ್ತಲ್ಲ! ಅಪ್ಪ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ, ಸ್ಟಾಂಪು ಅಂಟಿಸಿದ ಆ ಪುಸ್ತಕವನ್ನು ರೇಡಿಯೊ ಪೆಟ್ಟಿಗೆಯ ಕೆಳಗೇ ಇಡುತ್ತಿದ್ದರು. ಅದನ್ನು ಉಳಿಸಿಕೊಳ್ಳಲಿಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಸ್ಲೌನ ಸದಸ್ಯರು:
ಮೊದಲು ಟಿವಿಯನ್ನು ಮನೆಯಿಂದ ಹೊರಗೆ ಹಾಕಿ. ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ನನ್ನ ಇಬ್ಬರು ಮಕ್ಕಳೂ ಟಿವಿಯಿಲ್ಲದೆ ಬೆಳೆದರು, ಇಬ್ಬರೂ ಕನ್ನಡ ಓದುತ್ತಾರೆ, ಬರೆಯುತ್ತಾರೆ.

ಲೀಡ್ಸ್‌ನ ಸದಸ್ಯೆ:
ಯಾವ ದೇಶದ ವಾಹಿನಿಯಾದರೂ ನೇರಪ್ರಸಾರ ನೋಡಿದರೆ ಲೈಸೆನ್ಸ್ ಬೇಕು, ಮೊಬೈಲಿನಲ್ಲಾದರೂ ಸರಿ. ಬಿಬಿಸಿಯ ಕಾರ್ಯಕ್ರಮ ನೋಡುವ ಆ್ಯಪ್ ಐಪ್ಲೇಯರ್‌ಗೂ ಬೇಕು. ಯೂಟ್ಯೂಬ್‌ನ ಹಳೆಯ ವಿಡಿಯೊಗಳಿಗೆ ಬೇಡ. 2025ರ ಏಪ್ರಿಲ್‌ನಲ್ಲಿ ಶುಲ್ಕ 174.50 ಪೌಂಡ್‌ಗೆ ಏರಿತು, ಕಂತಿನಲ್ಲೂ ಕಟ್ಟಬಹುದು. ವಾರಂಟ್ ಇಲ್ಲದೆ ಯಾರೂ ನಿಮ್ಮ ಮನೆಯೊಳಗೆ ನುಗ್ಗುವಂತಿಲ್ಲ. ಇದನ್ನು ಮಗನಿಗೂ ಹೇಳಿ.

ಕೋವೆಂಟ್ರಿಯ ಸದಸ್ಯರು:
ಸ್ಲೌನವರ ಮಾತು ಕೇಳಿ ನಾವೂ ಟಿವಿ ತೆಗೆದೆವು. ಅಜ್ಜಿಯ ಜೊತೆ ಕುಳಿತು ಧಾರಾವಾಹಿ ನೋಡುವುದು ನಿಂತಿತು, ಅದರೊಂದಿಗೇ ಮಗಳ ಕನ್ನಡವೂ ನಿಂತಿತು. ಈಗ ಅವಳಿಗೆ ಹದಿನೆಂಟು. ಅಜ್ಜಿ ಫೋನ್ ಮಾಡಿದರೆ ಇಬ್ಬರ ನಡುವೆ ನಾನು ಕೂರಬೇಕು.

ಸ್ಲೌನ ಸದಸ್ಯರು:
ಅದು ಟಿವಿಯ ತಪ್ಪಲ್ಲ. ಮನೆಯಲ್ಲಿ ನೀವು ಕನ್ನಡ ಮಾತನಾಡಬೇಕಿತ್ತು.

ಕೋವೆಂಟ್ರಿಯ ಸದಸ್ಯರು:
ಎರಡು ಪಾಳಿ ದುಡಿಯುತ್ತಿದ್ದೆವು ಸ್ವಾಮಿ. ಮಾತನಾಡುತ್ತಿದ್ದವರು ಅಜ್ಜಿ.

ರೆಡಿಂಗ್‌ನ ಹೊಸ ಸದಸ್ಯೆ:
ಅತ್ತೆಯವರು ನೋಡುವ ವಾರ್ತೆ ನೇರಪ್ರಸಾರದ್ದು, ಹಾಗಾದರೆ ನಮಗೆ ಲೈಸೆನ್ಸ್ ಬೇಕು. ಲೀಡ್ಸ್‌ನ ಅಕ್ಕನಿಗೆ ಧನ್ಯವಾದ. ಇವತ್ತೇ ಮೊದಲ ಕಂತು ಕಟ್ಟುತ್ತೇನೆ. ಹ್ಯಾರೋದ ಅಂಕಲ್, 10,125ರ ಲೆಕ್ಕವನ್ನು ಮಗನಿಗೆ ಓದಿ ಹೇಳಿದೆ. ಕರ್ಟನ್ ಹಿಂದಿನಿಂದ ಬಂದು, ನಮ್ಮ ಟಿವಿಗೆ ಎಷ್ಟು ಗೆರೆ ಎಂದು ಕೇಳುತ್ತಿದ್ದಾನೆ. ಭಾನುವಾರ ನಿಮಗೆ ಫೋನ್ ಮಾಡಿಸಲೇ?