ತೆಳು ಸ್ಯಾಂಪಲ್‌ನ ಪ್ರೋಟೀನ್ ಅರೇ: ಚುಕ್ಕೆಯ ಅಂಚಿನಲ್ಲಿ ಮಾತ್ರ ಸಿಗ್ನಲ್, ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಸ್‌ಪಿಆರ್ ಇಮೇಜಿಂಗ್‌ಗೆಂದು (ಚಿನ್ನದ ಮೇಲ್ಮೈಗೆ ಅಣುಗಳು ಅಂಟಿದಾಗ ಪ್ರತಿಫಲಿಸುವ ಬೆಳಕು ಬದಲಾಗುವುದನ್ನು ಕ್ಯಾಮೆರಾದಲ್ಲಿ ನೋಡುವ ವಿಧಾನ) ಡೆಕ್ಸ್‌ಟ್ರಾನ್ ಲೇಪಿಸಿದ ಚಿನ್ನದ ಚಿಪ್ ಮೇಲೆ ಆ್ಯಂಟಿಬಾಡಿ ಅರೇ, ಅಂದರೆ ಆ್ಯಂಟಿಬಾಡಿ ಚುಕ್ಕೆಗಳ ಸಾಲು, ಮಾಡುತ್ತಿದ್ದೇನೆ. ಜೋಡಣೆಗೆ ಇಡಿಸಿ-ಎನ್‌ಎಚ್‌ಎಸ್ (ಮೇಲ್ಮೈಯ ಕಾರ್ಬಾಕ್ಸಿಲ್‌ಗಳನ್ನು ಎನ್‌ಎಚ್‌ಎಸ್ ಎಸ್ಟರ್ ಮಾಡಿ ಪ್ರೋಟೀನಿನ ಅಮೈನ್‌ಗೆ ಬೆಸೆಯುವ ರಾಸಾಯನಿಕ ಜೋಡಿ). ಸ್ಯಾಂಪಲ್ ಶುದ್ಧವಾಗಿದೆ, ಆದರೆ ಮಿ.ಲೀ.ಗೆ 5 ಮೈಕ್ರೊಗ್ರಾಂ ಅಷ್ಟೇ, ಟ್ರಿಸ್ ಬಫರ್‌ನಲ್ಲಿದೆ. ಪಿನ್ ಪ್ರಿಂಟರ್‌ನಿಂದ 1 ನ್ಯಾನೊಲೀಟರ್‌ನ ಚುಕ್ಕೆ ಇಡುತ್ತೇನೆ, ವ್ಯಾಸ ಸುಮಾರು 300 ಮೈಕ್ರಾನ್. ಆ್ಯಂಟಿಜೆನ್ ಹರಿಸಿದಾಗ ಅಂಚಿನಲ್ಲಿ ತೆಳ್ಳನೆಯ ಉಂಗುರ ಕಾಣುತ್ತದೆ, ನಡುವೆ ಏನೂ ಇಲ್ಲ. ಬಂಧನದ ವೇಗ ಅಳೆಯಬೇಕು, ಲೇಬಲ್ (ಹೊಳೆಯುವ ಬಣ್ಣದಂತಹ ಗುರುತು) ಹಚ್ಚುವ ಹಾಗಿಲ್ಲ. ಕ್ಯಾಮೆರಾ ಗೇನ್ ಏರಿಸಲೇ?

ಉತ್ತರ 1

ಗೇನ್ ಮುಟ್ಟಬೇಡಿ, ನಾಯ್ಸ್ ಕೂಡ ಏರುತ್ತದೆ. ಮೊದಲು ಲೆಕ್ಕ ನೋಡಿ. ನಿಮ್ಮ ಒಂದು ಹನಿಯಲ್ಲಿರುವುದು 5 ಪಿಕೊಗ್ರಾಂ ಪ್ರೋಟೀನ್. ಚುಕ್ಕೆಯ ವಿಸ್ತೀರ್ಣ 0.07 ಚದರ ಮಿ.ಮೀ. ಐಜಿಜಿ (ಸಾಮಾನ್ಯ ಬಗೆಯ ಆ್ಯಂಟಿಬಾಡಿ) ಒಂದು ಪದರ ತುಂಬಲು ಚದರ ಮಿ.ಮೀ.ಗೆ ಸುಮಾರು 2 ನ್ಯಾನೊಗ್ರಾಂ ಆದರೂ ಬೇಕು, ಅಂದರೆ ಚುಕ್ಕೆಗೆ 140 ಪಿಕೊಗ್ರಾಂ. ಹನಿಯಲ್ಲಿದ್ದದ್ದೆಲ್ಲ ಅಂಟಿದರೂ ಶೇ. 4 ದಾಟುವುದಿಲ್ಲ. ಇದ್ದ ಅಷ್ಟಿಷ್ಟೂ ಹನಿ ಆರುವಾಗ ಅಂಚಿಗೆ ಸರಿದು ಉಂಗುರವಾಗಿದೆ.

ಹನಿ ಇಡುವುದನ್ನು ಬಿಟ್ಟು ಹರಿಸಿ. ಸೂಕ್ಷ್ಮ ಕಾಲುವೆಗಳಿರುವ ಫ್ಲೋ ಸ್ಪಾಟರ್ ಸಿಕ್ಕರೆ 100 ಮೈಕ್ರೊಲೀಟರ್ ಸ್ಯಾಂಪಲ್ ಅನ್ನು ಅದೇ ಜಾಗದ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಬಹುದು. ಅಷ್ಟರಲ್ಲಿ 500 ನ್ಯಾನೊಗ್ರಾಂ ಪ್ರೋಟೀನ್ ಇರುತ್ತದೆ. ಚುಕ್ಕೆ ಆರುವುದೂ ಇಲ್ಲ.

ಟ್ರಿಸ್ ಮಾತ್ರ ಖಂಡಿತ ಬೇಡ. ಅದರದ್ದೇ ಅಮೈನ್ ಎನ್‌ಎಚ್‌ಎಸ್ ಎಸ್ಟರ್ ಜೊತೆ ವರ್ತಿಸಿ ಜಾಗ ತಿಂದುಹಾಕುತ್ತದೆ. 10 ಮಿಲಿಮೋಲಾರ್ ಸೋಡಿಯಂ ಅಸಿಟೇಟ್‌ಗೆ ಬದಲಿಸಿ, ಪಿಎಚ್ 4.5ರಿಂದ 5ರೊಳಗೆ ಪರೀಕ್ಷಿಸಿ. ಆಗ ಪ್ರೋಟೀನ್ ಧನಾವೇಶದಲ್ಲಿರುತ್ತದೆ, ಡೆಕ್ಸ್‌ಟ್ರಾನ್‌ನ ಕಾರ್ಬಾಕ್ಸಿಲ್‌ಗಳು ಋಣಾವೇಶದಲ್ಲಿ. ಮೇಲ್ಮೈಯೇ ಅದನ್ನು ಒಳಕ್ಕೆಳೆದುಕೊಳ್ಳುತ್ತದೆ. ಉಪ್ಪು ಹೆಚ್ಚಿದ್ದರೆ ಈ ಸೆಳೆತ ಉಳಿಯುವುದಿಲ್ಲ.

ಪ್ರಶ್ನಿಸಿದವರು

ಧನ್ಯವಾದ ಸರ್. ಪ್ರೋಟೀನ್ ಟ್ಯೂಬಿಗೆ ಅಂಟದಿರಲಿ ಎಂದು ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಬಹುದೇ?

ಉತ್ತರ 1

ಬೇಡ. ಬಿಎಸ್‌ಎಯಲ್ಲಿ ಅಮೈನ್ ಇರುವ ಲೈಸಿನ್ ತುಂಬ ಇದೆ, ನಿಮ್ಮ ಆ್ಯಂಟಿಬಾಡಿಗಿಂತ ಮೊದಲು ಅದೇ ಕೂರುತ್ತದೆ. ಲೋ-ಬೈಂಡ್ ಟ್ಯೂಬ್ ಬಳಸಿ.

ಉತ್ತರ 2

ಒಂದು ಮಾತು ಸೇರಿಸುತ್ತೇನೆ. ಸಿಗ್ನಲ್ ಬಂತೆಂದು ಚುಕ್ಕೆಯನ್ನು ತುಂಬಿ ತುಳುಕಿಸಬೇಡಿ. ಆ್ಯಂಟಿಬಾಡಿ ದಟ್ಟವಾದರೆ ಬಿಡಿಸಿಕೊಂಡ ಆ್ಯಂಟಿಜೆನ್ ಪಕ್ಕದ್ದಕ್ಕೆ ಮತ್ತೆ ಅಂಟಿ, ಬಿಡುಗಡೆಯ ವೇಗ ಇರುವುದಕ್ಕಿಂತ ನಿಧಾನ ಕಾಣುತ್ತದೆ. ಹರಿಸುವ ಸಮಯ ಬದಲಿಸಿ ಎರಡು ಮೂರು ಸಾಂದ್ರತೆಯ ಚುಕ್ಕೆ ಮಾಡಿ. ಮೂರರಲ್ಲೂ ಒಂದೇ ವೇಗ ಬಂದರೆ ಮಾತ್ರ ಆ ಅಂಕಿ ನಂಬಿ. ಪಕ್ಕದಲ್ಲೇ ಆ್ಯಂಟಿಬಾಡಿ ಇಲ್ಲದೆ, ಎಸ್ಟರ್‌ಗಳನ್ನು ಎಥನಾಲಮೈನ್‌ನಿಂದ ಮುಚ್ಚಿದ ಖಾಲಿ ಚುಕ್ಕೆಯೂ ಇರಲಿ. ಬಫರ್ ಬದಲಾದಾಗಿನ ಜಿಗಿತ ಹೋಗಲು ಖಾಲಿ ಚುಕ್ಕೆಯ ಸಿಗ್ನಲ್ ಅನ್ನು ಆ್ಯಂಟಿಬಾಡಿ ಚುಕ್ಕೆಯ ಸಿಗ್ನಲ್‌ನಿಂದ ಕಳೆಯಿರಿ, ಬಳಿಕ ಬರೀ ಬಫರ್ ಹರಿಸಿದ ಕರ್ವ್ ಅನ್ನೂ ಕಳೆಯಿರಿ. ಹೊಸ ಚಿಪ್‌ನ ಕರ್ವ್‌ಗಳನ್ನು ಇಲ್ಲಿ ಹಾಕಿದರೆ ಫಿಟಿಂಗ್ ನೋಡೋಣ.