ಟ್ರೆಡ್‌ಮಿಲ್ ಮೇಲೆ ಹತ್ತಿದ ಕೂಡಲೇ ಮಂಡಿ ತಿರುಚಿದಂತೆ ತೋರಿಸುತ್ತೆ, ಯಾಕೆ?

ಫಿಸಿಯೋ ವಿದ್ಯಾರ್ಥಿನಿ, ಮೈಸೂರು:
ನಡೆಯುವಾಗ ಮಂಡಿಯ ಕೋನ ಅಳೆಯುವ ಪ್ರಾಜೆಕ್ಟಿಗೆ ಎರಡು ಬಿಎನ್‌ಒ055 ಸೆನ್ಸರ್ (ವಾಲಿಕೆ, ದಿಕ್ಕು ತಿಳಿಸುವ ಚಿಪ್) ತಗೊಂಡೆ. ಒಂದು ತೊಡೆಗೆ, ಇನ್ನೊಂದು ಕಣಕಾಲಿಗೆ, ಎರಡನ್ನೂ ವೆಲ್ಕ್ರೋ ಪಟ್ಟಿಯಲ್ಲಿ ಬಿಗಿದಿದ್ದೇನೆ. ಅಮ್ಮನಿಗೆ ಮಂಡಿನೋವು, ಹಾಗಾಗಿ ಮೊದಲು ಅವರನ್ನೇ ಅಂಗಳದಲ್ಲಿ ನಡೆಸಿ ನೋಡಿದೆ. ಎಲ್ಲಾ ಸರಿಯಿತ್ತು. ಕಾಲೇಜಿನ ಟ್ರೆಡ್‌ಮಿಲ್ ಮೇಲೆ ನಾನೇ ನಡೆದರೆ ಮಂಡಿ ಮಡಚುವ ಕೋನ ಸರಿ ಬರುತ್ತೆ, ಆದರೆ ಕಾಲು ಒಳಕ್ಕೆ 25 ಡಿಗ್ರಿ ತಿರುಗಿದೆ ಅನ್ನುತ್ತೆ. ಸೆನ್ಸರ್ ಕೆಟ್ಟಿದೆಯಾ?

ಉತ್ತರ 1:
ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ ಕ್ಯಾಲಿಬ್ರೇಟ್ ಮಾಡಿ, ಸರಿಹೋಗುತ್ತೆ.

ಉತ್ತರ 2:
ಅಷ್ಟರಿಂದ ಆಗಲ್ಲ. ಎಂಟು ಬರೆದರೆ ಸೆನ್ಸರ್ ಜೊತೆಗೇ ಓಡಾಡುವ ಬ್ಯಾಟರಿ, ಸ್ಕ್ರೂಗಳ ಪ್ರಭಾವ ಹೋಗುತ್ತೆ. ಟ್ರೆಡ್‌ಮಿಲ್ಲಿನ ಮೋಟಾರು, ಕಬ್ಬಿಣದ ಚೌಕಟ್ಟು, ನೆಲದೊಳಗಿನ ಸರಳು ನಿಮ್ಮ ಜೊತೆ ಬರಲ್ಲ, ಅಲ್ವಾ?

ತಂಗಿ, ನಿಮ್ಮ ಸೆನ್ಸರ್ ಕೆಟ್ಟಿಲ್ಲ. ಕಾಲು ಎಷ್ಟು ವಾಲಿದೆ ಅನ್ನೋದನ್ನು ಅದು ಗುರುತ್ವದಿಂದ ತಿಳಿಯುತ್ತೆ, ಅದಕ್ಕೇ ಮಡಚುವ ಕೋನ ಕೆಡಲಿಲ್ಲ. ಯಾವ ದಿಕ್ಕಿಗೆ ತಿರುಗಿದೆ ಅನ್ನೋದಕ್ಕೆ ಮಾತ್ರ ಭೂಮಿಯ ಕಾಂತಕ್ಷೇತ್ರ ಬೇಕು. ನಮ್ಮ ಕಡೆ ಅದು ಸುಮಾರು 40 ಮೈಕ್ರೋಟೆಸ್ಲಾ, ಬಹಳ ಸಣ್ಣದು. ಹತ್ತಿರದ ಕಬ್ಬಿಣ ಸುಲಭವಾಗಿ ಅದನ್ನು ಬಾಗಿಸಿಬಿಡುತ್ತೆ. ಎರಡೂ ಸೆನ್ಸರ್ ಒಂದೇ ಅಳತೆಯಲ್ಲಿ ದಾರಿ ತಪ್ಪಿದ್ದರೆ ವ್ಯತ್ಯಾಸದಲ್ಲಿ ತಪ್ಪು ಕಾಣುತ್ತಲೇ ಇರಲಿಲ್ಲ. ಕಣಕಾಲಿನದು ಮೋಟಾರಿಗೆ ಹತ್ತಿರ ಇದೆ, ಜಾಸ್ತಿ ತಪ್ಪುತ್ತೆ. ಆ ವ್ಯತ್ಯಾಸವೇ ಮಂಡಿ ತಿರುಚಿದಂತೆ ಕಾಣೋದು.

ಫೋನಿನ ದಿಕ್ಸೂಚಿ ಆ್ಯಪ್‌ನಲ್ಲಿ ಕಾಂತಕ್ಷೇತ್ರದ ಬಲ ನೋಡಿ. ಕಣಕಾಲಿನ ಎತ್ತರದಲ್ಲಿ ಒಮ್ಮೆ, ತೊಡೆಯ ಎತ್ತರದಲ್ಲಿ ಒಮ್ಮೆ ಹಿಡಿಯಿರಿ.

ಉತ್ತರ 3:
ಇದೇ ಚಿಪ್‌ನಲ್ಲಿ ಐಎಂಯು ಮೋಡ್ ಅಂತ ಇದೆ. ಅದರಲ್ಲಿ ಮ್ಯಾಗ್ನೆಟೋಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ಭಾಗ, ಬಳಸೋದೇ ಇಲ್ಲ. ಆದರೆ ದಿಕ್ಕಿಗೆ ಗೈರೋ (ತಿರುಗುವ ವೇಗ ಅಳೆಯುವ ಭಾಗ) ಒಂದನ್ನೇ ನಂಬಿದರೆ ದಿಕ್ಕು ನಿಧಾನವಾಗಿ ಜಾರುತ್ತೆ. ಹಾಗಾಗಿ ಪ್ರತಿ ಸಲ ಐದು ಸೆಕೆಂಡು ನೆಟ್ಟಗೆ ನಿಂತು, ಎರಡರ ದಿಕ್ಕನ್ನೂ ಸೊನ್ನೆಗೆ ತಂದು, ಒಂದೆರಡು ನಿಮಿಷ ಮಾತ್ರ ನಡೆಯಿರಿ. ಕೊನೆಗೆ ಮತ್ತೆ ಹಾಗೇ ನಿಲ್ಲಿ. ಎಷ್ಟು ಜಾರಿದೆ ಅಂತ ಗೊತ್ತಾಗುತ್ತೆ.

ಫಿಸಿಯೋ ವಿದ್ಯಾರ್ಥಿನಿ:
ಇವತ್ತು ನೋಡಿದೆ. ತೊಡೆಯ ಎತ್ತರದಲ್ಲಿ 44 ಮೈಕ್ರೋಟೆಸ್ಲಾ, ಕಣಕಾಲಿನ ಹತ್ತಿರ 71! ಮೋಡ್ ಬದಲಿಸಿದ ಮೇಲೆ ಎರಡು ನಿಮಿಷಕ್ಕೆ 3 ಡಿಗ್ರಿ ಜಾರಿತು, ಅಷ್ಟೇ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಾಳೆ ಅಮ್ಮನನ್ನು ಕರೆದುಕೊಂಡು ಹೋಗಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತೇನೆ.