ಸಹಾಯ ಬೇಕು: ಕ್ಯಾಸೆಟ್‌ನೊಳಗೆ ಸಿಕ್ಕಿಕೊಂಡ ಊಟಿ ರೈಲು

ಎಲ್ಲರಿಗೂ ನಮಸ್ಕಾರ. ನನಗೆ ಎರಡು ಹುಚ್ಚು: ಹಳೇ ರೈಲು, ಹಳೇ ಕಂಪ್ಯೂಟರ್. ಈಗ ಎರಡೂ ಒಂದೇ ಕ್ಯಾಸೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿವೆ.

ಹೈಸ್ಕೂಲಿನಲ್ಲಿದ್ದಾಗ ಮಾವ ದುಬೈಯಿಂದ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದರು. ಪ್ರೋಗ್ರಾಂ ಉಳಿಸೋದು, ಲೋಡ್ ಮಾಡೋದು ಎಲ್ಲ ಮಾಮೂಲಿ ಆಡಿಯೋ ಕ್ಯಾಸೆಟ್‌ನಿಂದಲೇ. ಆ ಕಂಪ್ಯೂಟರಿನಲ್ಲಿ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತು, ಮೆಟ್ಟುಪಾಳ್ಯಂನಿಂದ ಊಟಿಗೆ ಹತ್ತುವ ರೈಲಿನ ಆಟ ಬರೆದಿದ್ದೆ. 46 ಕಿ.ಮೀ. ದಾರಿ. ಕಲ್ಲಾರ್ ದಾಟಿದ ಮೇಲೆ ಹಲ್ಲಿನ ಹಳಿ, ಅಂದರೆ ಕಡಿದಾದ ಏರಿನಲ್ಲಿ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಹತ್ತುವ ಹಳಿ. ಅಲ್ಲಿ ವೇಗ ಜಾಸ್ತಿ ಮಾಡಿದರೆ ಆಟ ಮುಗೀತು.

ಮೊನ್ನೆ ಅಟ್ಟ ಗುಡಿಸುವಾಗ ಆ ಕ್ಯಾಸೆಟ್ ಸಿಕ್ಕಿತು. ಲೋಡ್ ಮಾಡಿದರೆ ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ ಸರಿಯಾಗಿ ಬರುತ್ತವೆ, ಪ್ರೋಗ್ರಾಂ ಹೆಸರೂ ಕಾಣುತ್ತದೆ. ಆಮೇಲೆ ನೀಲಿ-ಹಳದಿ ಪಟ್ಟೆ ಓಡುವಾಗ ಮಧ್ಯದಲ್ಲೇ ‘ಆರ್ ಟೇಪ್ ಲೋಡಿಂಗ್ ಎರರ್’. ಪ್ಲೇಯರ್‌ನಲ್ಲಿ ಟೇಪ್ ಓದುವ ಹೆಡ್ಡನ್ನು ಸ್ಪಿರಿಟ್ ಹಾಕಿ ಒರೆಸಿದ್ದಾಯಿತು. ಪ್ಲೇಯರ್‌ನ ರಬ್ಬರ್ ಬೆಲ್ಟ್ ಸಡಿಲವಾಗಿರಬೇಕು, ಹಾಡು ಹಾಕಿದರೂ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಎಳೆಯುತ್ತದೆ.

ಮೈಸೂರು, ಬೆಂಗಳೂರು ಕಡೆ ಇಂಥ ಬೆಲ್ಟ್ ಎಲ್ಲಿ ಸಿಗುತ್ತದೆ? ಹೆಡ್ಡಿನ ಓರೆ ಸರಿಮಾಡುವ ಸ್ಕ್ರೂ ನಾನೇ ತಿರುಗಿಸಬಹುದಾ? ಟೇಪಿನ ಸದ್ದನ್ನು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿ, ಟ್ಯಾಪ್ (.tap) ಫೈಲ್, ಅಂದರೆ ಟೇಪಿನ ಡಿಜಿಟಲ್ ಪ್ರತಿ, ಮಾಡಿಕೊಂಡವರು ಯಾರಾದರೂ ಇದ್ದೀರಾ? ಸುಮ್ನೆ ಎಮ್ಯುಲೇಟರ್‌ನಲ್ಲಿ (ಹಳೇ ಕಂಪ್ಯೂಟರ್‌ನಂತೆ ನಡೆಯುವ ಸಾಫ್ಟ್‌ವೇರ್) ಬೇರೆ ಆಟ ಆಡಿ ಅನ್ನಬೇಡಿ. ನನಗೆ ಇದೇ ರೈಲು ಬೇಕು.